ಮರಕೈಬೊ ಬಾಯಿ ಮುಚ್ಚಿದ ಸಂಜೆ

ಮಿರೈದಕ್ಕಾ,

ಈ ಮರಕೈಬೊ ಊರಿನವರ ಬಾಯಿ ನಿದ್ದೆಯಲ್ಲೂ ಮುಚ್ಚುವುದಿಲ್ಲ. ಅಂಥವರು ನಿನ್ನೆ ಬೇಸ್‌ಬಾಲ್ ಪಂದ್ಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಏಳು ಸರದಿ ಮುಗಿದರೂ ಎದುರಾಳಿಗಳಿಗೆ ನನ್ನ ಎಸೆತದಲ್ಲಿ ಒಂದೂ ಹೊಡೆತ ಸಿಕ್ಕಿರಲಿಲ್ಲ. ಅಂಥ ಹೊತ್ತಿನಲ್ಲಿ ಎಸೆಯುವವನನ್ನು ಮಾತಾಡಿಸಿದರೆ ದೃಷ್ಟಿ ತಾಗುತ್ತದಲ್ಲ, ಬೆಂಚಿನ ಮೇಲೆ ನನ್ನ ಪಕ್ಕ ಯಾರೂ ಕೂರಲಿಲ್ಲ. ನೀರು ಕೇಳಿದರೆ ಬಾಟಲಿಯನ್ನು ದೂರದಲ್ಲಿಟ್ಟು ಹೋದರು. ಅಮೆರಿಕದ ಊರೂರು ಅಲೆದು ಆಡಿದ ವರ್ಷಗಳಲ್ಲೂ ನನಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಈ ಪದ್ಧತಿಗೆ ಕ್ಯಾರೇ ಅನ್ನದವಳು ನೀನೊಬ್ಬಳೇ. ಚಿಕ್ಕಂದಿನಲ್ಲಿ ನಮ್ಮ ಅಂಗಳದಲ್ಲಿ ಪೊರಕೆ ಕೋಲನ್ನೇ ಬ್ಯಾಟು ಮಾಡಿಕೊಂಡು ನಿಂತು, ನಾನೆಸೆದ ಬಾಟಲಿ ಮುಚ್ಚಳ ಒಂದೂ ಅದಕ್ಕೆ ತಾಗದಿದ್ದರೂ "ಎಸಿಯೋ ಸೋಮಾರಿ, ಒಳಗೆ ಮೀನು ಸೀದುಹೋಗ್ತಿದೆ!" ಅಂತ ಕಿರುಚುತ್ತಿದ್ದೆ.

ಎಂಟನೇ ಸರದಿಯಲ್ಲಿ ಎದುರಾಳಿಯೊಬ್ಬ ಹೊಡೆದ ಚೆಂಡು ಹೋಗಿ ಮೈದಾನದಂಚಿನ ಗೋಡೆಗೆ ಬಡಿಯಿತು. ನನ್ನ ಎಸೆತ ಹಿಡಿಯುವ ಹಿಲಾರಿಯೊ ಓಡಿ ಬಂದು, "ಹೋಗ್ಲಿ ಬಿಡೋ ಮುದುಕಾ, ಮಾತು ತಡ್ಕೊಂಡು ತಡ್ಕೊಂಡು ಹೊಟ್ಟೆ ಉಬ್ಬಿಹೋಗಿತ್ತು" ಅಂದ. ಪ್ರೇಕ್ಷಕರ ಮೇಲಿನ ಸಾಲಿನಿಂದ ಹೆಂಗಸೊಬ್ಬಳು, "ಎಸಿಯೋ, ನಿದ್ದೆ ಬಂತಾ?" ಎಂದು ಕೂಗಿದಳು.

ಭುಜ ನೋಯುತ್ತಿಲ್ಲ. ನೀನು ಕೊಟ್ಟ ಮುಲಾಮು ಮುಗಿದಿದೆ, ಕಳಿಸು. ಅಪ್ಪ ರೇಡಿಯೊದಲ್ಲಿ ಪಂದ್ಯ ಕೇಳಿ ಅತ್ತಿರಬೇಕು, ಈ ಕಾರ್ಡನ್ನು ಅವರಿಗೆ ಓದಿ ಹೇಳಬೇಡ. ಆ ಹೆಂಗಸಿನ ಕೂಗು ಕಿವಿಗೆ ಬಿದ್ದಾಗ ನನಗೆ ಮನೆಗೆ ಬಂದಂತಾಯಿತು.

ನೆಪ್ತಾಲಿ