ಗಾಜು ತೆರೆಯದ ಬಸ್ಸಿನ ಪ್ರಯೋಗ

ಮಾನ್ಯ ನಗರ ಸಾರಿಗೆ ನಿರ್ದೇಶಕರೇ,

ನಿಮ್ಮ ಪ್ರಾಯೋಗಿಕ ಬಸ್ ಯೋಜನೆ ನನ್ನ ಗಂಡನನ್ನು ಕೊಂದಿತು. ಬರುವ ಸೋಮವಾರ ಅದರ ಎರಡನೇ ಹಂತವಂತೆ. ಅಂಥದೇ ಬಸ್ಸಿಗೆ ಈಗ ನನ್ನ ತಮ್ಮ ಎಲಿಯೂದ್‌ನನ್ನು ಚಾಲಕನಾಗಿ ಹಾಕಿದ್ದೀರಿ.

ನಮ್ಮ ಎಲ್ ಮಿರಾದೋರ್ ಗುಡ್ಡ ಹತ್ತುವ ಯಾವ ವಾಹನವಾದರೂ ಕೆಳಗಿನ ತಿರುವಿನಲ್ಲೇ ಗಾಜು ಇಳಿಸಬೇಕು. ಮೇಲೆ ಕಾವಲಿರುವ ಗ್ಯಾಂಗಿನ ಹುಡುಗರಿಗೆ ಒಳಗಿನವರ ಮುಖ ಕಾಣಬೇಕು. ಕಾಣದಿದ್ದರೆ ವೈರಿ ಗ್ಯಾಂಗಿನವರೆಂದೇ ಲೆಕ್ಕ, ಗುಂಡು ಹಾರಿಸುತ್ತಾರೆ. ಪಾದ್ರಿಗಳೂ ಇಳಿಸುತ್ತಾರೆ, ಹೆಣದ ಗಾಡಿಯವನೂ ಇಳಿಸುತ್ತಾನೆ. ನೀವು ಕಳಿಸಿದ್ದು ಎಸಿ ಬಸ್ಸು: ಕಪ್ಪು ಗಾಜು, ಅದೂ ತೆರೆಯಲು ಬಾರದಂತೆ ಕೂರಿಸಿದ್ದು!

ಮೊದಲು ಮನೆಮನೆಗೆ ಹೋಗಿ ಅಧ್ಯಯನ ಮಾಡೋಣ ಎಂದು ವಿಶ್ವವಿದ್ಯಾಲಯದವರು ಅಂಗಲಾಚಿದಾಗ ನೀವು ಟಿ.ವಿ.ಯಲ್ಲಿ ನಕ್ಕಿರಿ. "ಅಧ್ಯಯನಕ್ಕೆ ವರ್ಷಗಟ್ಟಲೆ ಬೇಕು. ಒಂದು ಬಸ್ಸು ಬಿಟ್ಟು ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ" ಎಂದಿರಿ. ಆಹಾ, ಎಂಥ ಜಾಣತನ! ಬಸ್ಸು ನಿಮ್ಮದು, ತಲೆ ಯಾರದು ಸ್ವಾಮಿ?

ಆ ಬಸ್ಸು ಓಡಿಸಬೇಕಿದ್ದ ನನ್ನ ಗಂಡ ನಾಹೂಮ್ ನಿಮ್ಮ ಮೇಲ್ವಿಚಾರಕನಿಗೆ ಹೇಳಿದ್ದ. ಪಕ್ಕದಲ್ಲೇ ಬಲೆಯಾದಾ ರೊಟ್ಟಿ ಸುಟ್ಟು ಮಾರುತ್ತಿದ್ದ ನಾನು ಕಿವಿಯಾರೆ ಕೇಳಿದ್ದೇನೆ.

"ಸಾಹೇಬ್ರೇ, ಈ ಗಾಜಲ್ಲಿ ಮೇಲಕ್ಕೆ ಹೋದ್ರೆ ನಮ್ಮನ್ನ ಉಳಿಸಲ್ಲ. ಬಿಚ್ಚಿಸಿ ಕೊಡಿ."

"ತಣ್ಣಗೆ ಕೂತ್ಕೊಂಡು ಓಡ್ಸೋಕೂ ತಕರಾರಾ ನಿಂದು? ಏನಾಗುತ್ತೆ ನೋಡೋಕೇ ಅಲ್ವೇನಯ್ಯಾ ಪ್ರಯೋಗ ಮಾಡೋದು!"

ನೋಡಿದಿರಲ್ಲ? ತಿರುವು ದಾಟುತ್ತಿದ್ದಂತೆ ಕಾವಲಿನ ಹುಡುಗರು ರಸ್ತೆಯ ಎರಡೂ ಕಡೆಯಿಂದ ಗುಂಡು ಹೊಡೆದರು. ನಾನು ಓಡಿ ಹೋದಾಗ ಎಸಿ ಇನ್ನೂ ಬೀಸುತ್ತಿತ್ತು. ನನ್ನವನು ಸ್ಟಿಯರಿಂಗ್ ಮೇಲೆ ಬಿದ್ದಿದ್ದ, ಅರ್ಧ ಮುಖವೇ ಇರಲಿಲ್ಲ. ಹೊಡೆದವರಲ್ಲೊಬ್ಬ ಬಾಗಿಲಲ್ಲಿ ತಲೆ ಮೇಲೆ ಕೈಹೊತ್ತು ನಿಂತಿದ್ದ.

"ಅಕ್ಕಾ, ನಾಹೂಮಣ್ಣ ಅಂತ ಗೊತ್ತಿದ್ರೆ ಹೊಡೀತಿದ್ವಾ? ಮುಖಾನೇ ಕಾಣ್ಲಿಲ್ಲ!"

ಅವನ ಮುಖಕ್ಕೆ ಉಗಿದೆ. ಕಲ್ಲೆತ್ತಿ ಹಣೆ ಒಡೆದೆ. ರಕ್ತ ಸುರಿದರೂ ಅವನು ಕೈ ಅಡ್ಡ ಹಿಡಿಯಲಿಲ್ಲ. ಆ ಕೊಲೆಗಾರನಿಗಿದ್ದಷ್ಟು ನಾಚಿಕೆಯೂ ನಿಮ್ಮ ಕಚೇರಿಗಿಲ್ಲ.

"ಪ್ರಯೋಗದಿಂದ ಅಮೂಲ್ಯ ಪಾಠ ಕಲಿತೆವು" ಎಂದು ನಿಮ್ಮ ವರದಿ ಹೇಳುತ್ತದೆ. ಏನು ಕಲಿತಿರಿ? ಹೊಸ ಬಸ್ಸುಗಳಿಗೂ ಅದೇ ಗಾಜು, ಟೆಂಡರ್ ಮುಗಿದಿದೆಯಂತೆ. ಗುಡ್ಡದ ಯಾವ ಹೆಂಗಸನ್ನು ಕೇಳಿದ್ದರೂ ಈ ಪಾಠವನ್ನು ರಕ್ತ ಚೆಲ್ಲದೆ ಹೇಳಿಕೊಡುತ್ತಿದ್ದಳು. ಕೇಳುವುದಕ್ಕೆ ನಿಮಗೇನು ಬಾಯಿಗೆ ಬರ ಬಂದಿತ್ತೇ?

ಸೋಮವಾರದೊಳಗೆ ಆ ಗಾಜುಗಳನ್ನು ಕೀಳಿಸಿ. ಕೀಳಿಸದಿದ್ದರೆ ಅವತ್ತು ಬೆಳಿಗ್ಗೆ ಸುತ್ತಿಗೆ ಹಿಡಿದು ಡಿಪೋಗೆ ನಾನೇ ಬರುತ್ತೇನೆ. ಸರ್ಕಾರಿ ಆಸ್ತಿ ಹಾಳು ಮಾಡಿದಳೆಂದು ಧಾರಾಳವಾಗಿ ಪೊಲೀಸರನ್ನು ಕರೆಸಿ. ನನ್ನ ತಮ್ಮನ ಬಸ್ಸಿನ ಕೊನೆಯ ಗಾಜು ಪುಡಿಯಾಗುವವರೆಗೆ ಯಾರೂ ನನ್ನ ಹತ್ತಿರ ಬರುವುದು ಬೇಡ.

ಇಂತಿ,
ನೀವು ಕಲಿತ ಅಮೂಲ್ಯ ಪಾಠದ ವಿಧವೆ,
ಒಂದೀನಾ ಮುರಿಯೋ