ಕೌನ್ಸೆಲರ್ ಮೇಡಂನ ಪೆನ್ನು

14 ಜೂನ್ 2023, ಸಂಜೆ 5. ಗೋರ್ವಾ, ವಡೋದರ

ಈ ದಿನಚರಿಯ ಸನ್ನಿಧಿಯಲ್ಲಿ ತಪ್ಪೊಪ್ಪಿಗೆ: ಉಮಾಕಾಂತನೆಂಬ ನಾನು, ವಯಸ್ಸು ಐವತ್ತೆಂಟು, ವೃತ್ತಿ ಉಡುಪಿ ಹೋಟೆಲು, ಇಂದು ಅಹಮದಾಬಾದಿನ ಆಸ್ಪತ್ರೆಯಿಂದ ಜೀನ್ ಕೌನ್ಸೆಲರ್ ಮೇಡಂನ ನೀಲಿ ಪೆನ್ನು ಕದ್ದು ತಂದಿದ್ದೇನೆ. ಕೌಂಟರಿನ ಪೆನ್ನು ಎತ್ತುವ ಗಿರಾಕಿಗಳನ್ನು ಮೂವತ್ತು ವರ್ಷ ಶಪಿಸಿದ ಬಾಯಿ ಇದು.

ಮೇಡಂ ವಂಶವೃಕ್ಷ ಬರೆದರು. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ. ಅಮ್ಮನ ಸೊನ್ನೆಗೆ ಕಪ್ಪು — ಅಂಡಾಶಯದ ಕ್ಯಾನ್ಸರ್. ಸತ್ತವಳೆಂದು ಅಡ್ಡಗೆರೆ. ರುಕ್ಮಿಣಿ ಅಕ್ಕನ ಸೊನ್ನೆಗೂ ಕಪ್ಪು — ಸ್ತನ. ಅಕ್ಕನ ರಕ್ತದಲ್ಲಿ ಸಿಕ್ಕ ಜೀನ್ ದೋಷ ನನ್ನಲ್ಲಿ ಇಲ್ಲದಿದ್ದರೆ, ಮಗಳು ಮನಸ್ವಿನಿಗೂ ಇಲ್ಲ.

"ನಮ್ಮದು ಅಳಿಯಕಟ್ಟು ಮೇಡಂ. ಕುಲ ತಾಯಿಯಿಂದ. ಮಗಳಿಗೆ ನಾನು ಕೊಟ್ಟದ್ದು ಇನಿಶಿಯಲ್ ಮಾತ್ರ."

ಮೇಡಂ ನಗಲಿಲ್ಲ. "ಜೀನ್‌ಗೆ ಅದು ಗೊತ್ತಿಲ್ಲ ಅಂಕಲ್."

20 ಜುಲೈ

ಸೂರತ್‌ನಿಂದ ಅಕ್ಕನ ಫೋನು. ಐದನೇ ಕೀಮೋ ಮುಗಿಯಿತಂತೆ.

"ರಕ್ತ ಕೊಟ್ಟೆಯಾ?"

"ಗಂಡಸಿನ ಹಾಗೆ ಕೊಟ್ಟೆ. ನೆಗೆಟಿವ್. ನನ್ನ ಬಾಳಲ್ಲಿ ಪಾಸಿಟಿವ್ ಆದದ್ದು ಏನುಂಟು?"

"ಸದ್ಯ ಮಾರಾಯ." ಅತ್ತಳು. ನಗಿಸಲು ಹೋದದ್ದು ನಾನು...

ಅಹಮದಾಬಾದಿನ ಬೋಪಾಲ್‌ನಿಂದ ಮಗಳ ಫೋನು: "ಸೋ ನನ್ನ ಟೆಸ್ಟ್ ಬೇಡ ಅಲ್ವಾ ಪಪ್ಪಾ?"

"ಬೇಡ. ನಿನ್ನಪ್ಪ ಅಸಲಿ ತುಪ್ಪ. ಕಲಬೆರಕೆ ಇಲ್ಲ."

8 ಡಿಸೆಂಬರ್. ಸೂರತ್

ಅಕ್ಕನ ಬೂದಿ ತಾಪಿ ನದಿಗೆ ಬಿಟ್ಟೆವು. ಅವಳ ಸೊನ್ನೆಗೂ ಈಗ ಅಡ್ಡಗೆರೆ. ಎಳೆಯುವ ಪೆನ್ನು ನನ್ನ ಜೇಬಲ್ಲಿದೆ.

3 ಮಾರ್ಚ್ 2025

ಮನಸ್ವಿನಿಯ ಎಡ ಎದೆಯಲ್ಲಿ ಗಂಟು. ಆರು ತಿಂಗಳಿಂದ ಇತ್ತಂತೆ. ಮೂವತ್ತೊಂದು ವಯಸ್ಸು.

"ಪಪ್ಪಾ ನೆಗೆಟಿವ್ ಅಂತ ಲೈಟ್ ತಗೊಂಡೆ."

ಜೋಕು ಒಂದೂ ಹೊಳೆಯಲಿಲ್ಲ.

9 ಏಪ್ರಿಲ್

ಕಂಕುಳಿಗೂ ಹಬ್ಬಿದೆ. ಜೀನ್ ರಿಪೋರ್ಟೂ ಬಂತು: ಅಕ್ಕನದೇ ದೋಷ. ಅಕ್ಷರಕ್ಕೆ ಅಕ್ಷರ ಅದೇ.

ಮಗಳು ಡಾಕ್ಟರ ಎದುರು ನನ್ನ ವಕೀಲಳಾದಳು. "ಪಪ್ಪಾ ನೆಗೆಟಿವ್. ಅವತ್ತಿನ ಲ್ಯಾಬ್ ಮಿಸ್ಟೇಕ್ ಮಾಡಿದೆ. ಪಪ್ಪಾ, ರಿಪೋರ್ಟ್ ತನ್ನಿ, ಬಿಡೋದಿಲ್ಲ ಅವರನ್ನ."

ಹುಡುಕುತ್ತೇನೆ ಎಂದೆ.

10 ಏಪ್ರಿಲ್, ಬೆಳಿಗ್ಗೆ 9

ಕಪಾಟು ತೆರೆದು ಕೂತಿದ್ದೇನೆ. ಮಗಳು ಆಚೆ ಕೋಣೆಯಲ್ಲಿ. ಹಳೆಯ ಕಾಗದಗಳನ್ನು ಸದ್ದಾಗುವಂತೆ ತಿರುವುತ್ತಿದ್ದೇನೆ.

ರಿಪೋರ್ಟು ಇಲ್ಲ. ಇರುವುದು ಪೆನ್ನು. ಅಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಮೇಡಂ ಕೊಟ್ಟದ್ದು. ಸಹಿ ಹಾಕುವ ಮೊದಲೇ ನರ್ಸ್ ರಕ್ತ ತೆಗೆಯುವ ಟ್ರೇ ತಂದಿಟ್ಟಳು. ಟಾಯ್ಲೆಟ್ ಎಂದು ಎದ್ದೆ. ವಡೋದರದ ಬಸ್ಸಲ್ಲಿ ಕೂತ ಮೇಲೆ ನೋಡಿದರೆ ಪೆನ್ನು ಕೈಯಲ್ಲೇ.

"ಪಪ್ಪಾ, ಸಿಕ್ತಾ?"

ಬರೆಯಲು ದೊಡ್ಡ ಕಾರಣವೊಂದು ಬೇಕಿತ್ತು. ಸಾವಿನ ಭಯ, ಕುಲ, ಅಮ್ಮನ ನೆನಪು... ಯಾವುದೂ ಅಲ್ಲ. ಗಂಡಸಿನ ಹಾಗೆ ಕೊಟ್ಟೆ ಎಂದವನು, ಸೂಜಿ ನೋಡಿ—