ಜಲಜಾಕ್ಷಿ ದುರ್ಗಕ್ಕೆ ಹೊರಟ ದಿನದ ಗೋಲು

ಇಸವಿ ೨೨೧೧, ಪತ್ತನಾಜೆ ಕಳೆದು ಇಪ್ಪತ್ತನೆಯ ಭರತ
ಉಳ್ಳಾಲ ತೇಲುಕೇರಿ

ಹಿಂದಿನ ಕಾಲದಲ್ಲಿ ಇರುವ ಹಿರಿಯರಿಗೆ ಬೇಬಿ ಸಾಲ್ಯಾನ್ ಮಾಡುವ ನಮಸ್ಕಾರ.

ನಿನ್ನೆಯೂ ಅದೇ ಕನಸು ಬಿತ್ತು. ನನ್ನ ಮಗಳು ಜಲಜಾಕ್ಷಿ ದೊಡ್ಡದೊಂದು ಬಯಲಿನ ಅಂಚಿನಲ್ಲಿ ಬಾಯಿ ತೆರೆದು ನಿಂತಿದ್ದಾಳೆ, ಸ್ವರ ಹೊರಡುವುದಿಲ್ಲ. ಆಟದ ಹುಡುಗಿಯರೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದಾರೆ. ನಾನು ಶುಂಠಿ ಕಷಾಯದ ಚೊಂಬು ಹಿಡಿದು ಓಡುತ್ತೇನೆ, ಎಷ್ಟು ಓಡಿದರೂ ಬಯಲು ಮುಗಿಯುವುದಿಲ್ಲ. ಎದ್ದು ನೋಡಿದರೆ ಗಂಟಲು ಒಣಗಿದ್ದು ನನ್ನದು. ಬೆಳಿಗ್ಗೆ ಗಂಜಿ ಬಡಿಸುವಾಗ ಯಜಮಾನರಾದ ಮೋನಪ್ಪನವರಿಗೆ ಹೇಳಿದೆ. "ಎಂತ ಮಾರಾಯ್ತಿ ನಿಂದು? ಅವಳು ಅಲ್ಲಿ ಗಡದ್ದು ನಿದ್ದೆ ಮಾಡಿರ್ತಾಳೆ. ನೀನು ಇಲ್ಲಿ ಮಂಡೆಬಿಸಿ ಮಾಡಿಕೊಂಡು ಕೂತದ್ದು. ಉಪ್ಪಿನಕಾಯಿ ಹಾಕು," ಎಂದರು. ಅವರ ಹತ್ತಿರ ಹೇಳಿ ಪ್ರಯೋಜನವಿಲ್ಲ ಎಂದು ನಿಮಗೆ ಬರೆಯಲು ಕುಳಿತೆ.

ನನ್ನ ಮಾತು ನಿಮಗೆ ವಿಚಿತ್ರ ಕಂಡರೆ ದಯವಿಟ್ಟು ಕ್ಷಮಿಸಬೇಕು. ನನ್ನ ಓದು ಸರಿಯಾಗಿ ಆದದ್ದಲ್ಲ. ಆರನೆಯ ತರಗತಿಯಲ್ಲಿದ್ದಾಗ ಶಾಲೆಯನ್ನೇ ಹಗ್ಗ ಕಟ್ಟಿ ಬೇರೆ ಕಡೆಗೆ ಎಳೆದುಕೊಂಡು ಹೋದರು, ನಮ್ಮ ಕೇರಿ ಇಲ್ಲೇ ಉಳಿಯಿತು. ಮುಂದೆ ಮದುವೆಯಾದ ಮೇಲೆ ಎಂಟನೆಯದ್ದು ಅರ್ಧ ಓದಿದೆ. ಇದು ಹಿನ್ನೋಲೆ. ಅಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಒಂದು ಮನೆಗೆ ಒಂದು ತಲೆಮಾರಿಗೆ ಒಂದೇ ಸಲ ಸಿಗುವುದು, ಚೀಟಿ ಎತ್ತಿ ಕೊಡುತ್ತಾರೆ. ಯುದ್ಧ, ಕಾಯಿಲೆ, ಚುನಾವಣೆಯ ಸುದ್ದಿ ಬರೆಯಬಾರದು, ಮನೆಯ ಸುದ್ದಿ ಬರೆಯಬಹುದು ಎಂದು ನಿಯಮವುಂಟು. ನನಗೆ ಮನೆಯ ಸುದ್ದಿಯೇ ಬೇಕಾದಷ್ಟಿದೆ.

ನಿಮ್ಮ ಕಾಲದ ಉಳ್ಳಾಲದ ಬಯಲು ಈಗ ನೀರಿನ ಅಡಿಯಲ್ಲಿದೆ. ಹೆದರಬೇಡಿ, ಯಾರೂ ಮುಳುಗಲಿಲ್ಲ. ನೀರು ನಿಧಾನವಾಗಿ ಬಂತು, ನಾವು ನಿಧಾನವಾಗಿ ಎದ್ದೆವು. ಮನೆಗಳೆಲ್ಲ ತೇಲುತ್ತವೆ, ಒಂದಕ್ಕೊಂದು ಹಗ್ಗದಿಂದ ಕಟ್ಟಿಕೊಂಡಿವೆ. ಗಡಿಯಾರ ಯಾರೂ ನೋಡುವುದಿಲ್ಲ. ನೀರು ಏರಿದರೆ ಭರತ, ಇಳಿದರೆ ಇಳಿತ, ಅದರ ಮೇಲೆಯೇ ಅಡುಗೆ, ಕಾಲೇಜು, ಮದುವೆ. ಕುಚ್ಚಲಕ್ಕಿ ಗಂಜಿ ಇನ್ನೂ ಉಂಟು. ಒಣಮೀನಿನ ಚಟ್ನಿಯೂ ಉಂಟು, ಅದಿಲ್ಲದಿದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲ. ಕಾಲೇಜಿನ ಫುಟ್‌ಬಾಲ್ ಮೈದಾನವೂ ತೇಲುವುದೇ. ಬಿದಿರಿನ ಹಂದರ, ಮೇಲೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ಹುಲ್ಲು. ಕೆಳಗೆ ಹೊತ್ತುಕೊಂಡಿರುವುದು ನೀವು ಎಸೆದ ಪ್ಲಾಸ್ಟಿಕ್ ಡ್ರಮ್ಮುಗಳು. ನಿಮಗೆ ಬೈಯಬೇಕೋ ಥ್ಯಾಂಕ್ಸ್ ಹೇಳಬೇಕೋ ಎಂದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಚೆಂಡು ಸಮುದ್ರಕ್ಕೆ ಹೋಗದ ಹಾಗೆ ಸುತ್ತಲೂ ಬಲೆ ಕಟ್ಟಿದ್ದಾರೆ. ಅದನ್ನು ಹೆಣೆಯುವುದು, ಹರಿದರೆ ಹೊಲಿಯುವುದು ನನ್ನ ಕೆಲಸ.

ಈ ಮೈದಾನ ಸುಮ್ಮನೆ ಇರುವುದಿಲ್ಲ. ಅಲೆ ಬಂದ ಹಾಗೆ ಒಮ್ಮೆ ಬಡಗಿಗೆ ವಾಲುತ್ತದೆ, ಒಮ್ಮೆ ತೆಂಕಿಗೆ. ಹೊರಗಿನ ತಂಡಗಳು ಬಂದರೆ ಅರ್ಧ ಹೊತ್ತು ಬೀಳುವುದರಲ್ಲೇ ಕಳೆಯುತ್ತವೆ. ನಮ್ಮ ಹುಡುಗಿಯರೂ ಮೊದಲು ಹಾಗೆಯೇ ಬೀಳುತ್ತಿದ್ದರು. ಜಲಜ ಅಲ್ಲಿಗೆ ಕೋಚ್ ಆಗಿ ಸೇರಿದಾಗ ಅವಳಿಗೆ ಇಪ್ಪತ್ಮೂರು, ಕಾಲೇಜಿಗೆ ಕೊನೆಯ ಸ್ಥಾನ. ಅವಳು ಬೂಟು ಬಿಚ್ಚಿ ಅಂಚಿನಲ್ಲಿ ಬರಿಗಾಲಲ್ಲಿ ನಿಲ್ಲುವಳು. ಮೈದಾನ ವಾಲುವ ಸ್ವಲ್ಪ ಮೊದಲೇ ಅವಳ ಅಂಗಾಲಿಗೆ ಅದು ಗೊತ್ತಾಗುವುದು. "ತೆಂಕು" ಎಂದು ಕೂಗುವಳು, ಚೆಂಡು ತೆಂಕಿಗೆ ಹೋಗುವುದು, ಆಮೇಲೆ ನೆಲ ಹಿಂದಿನಿಂದ ಬರುವುದು. ನಾಲ್ಕು ವರ್ಷದಲ್ಲಿ ಕಾರವಾರದವರನ್ನು ಸೋಲಿಸಿದರು, ಕೊಚ್ಚಿಯವರನ್ನು ಸೋಲಿಸಿದರು. ಹುಡುಗಿಯರು ಅವಳನ್ನು ಕೋಚಕ್ಕ ಎನ್ನುತ್ತಾರೆ. ಅವಳಿಗೆ ಸ್ವರ ಕಟ್ಟಿದರೆ ಏನು ಗತಿ ಎಂದು ನಾನು ನಾಲ್ಕು ವರ್ಷವೂ ಶುಂಠಿ ಜಜ್ಜಿದ್ದೇನೆ.

ಈ ಸುದ್ದಿ ಘಟ್ಟ ಹತ್ತಿತು. ಚಿತ್ರದುರ್ಗದಲ್ಲಿ ಕಲ್ಲುಕೋಟೆ ತಂಡ ಎಂದು ಒಂದಿದೆ, ಸಂಬಳದ ಲೀಗಿನಲ್ಲಿ ಆಡುವವರು. ಸಂಬಳದ ಲೀಗ್ ಎಂದರೆ ಆಟವೇ ಉದ್ಯೋಗ, ನೋಡುವವರು ಸಾವಿರಗಟ್ಟಲೆ. ಅವರ ಮ್ಯಾನೇಜರು ಪಾಲಯ್ಯನವರು ನಮ್ಮ ಪಂದ್ಯ ನೋಡಲು ಬಂದರು. ಗಟ್ಟಿನೆಲದವರು ಪಾಪ, ಮೈದಾನಕ್ಕೆ ಕಾಲಿಟ್ಟದ್ದೇ ಬಲೆಯ ಕಂಬವನ್ನು ಅಪ್ಪಿಕೊಂಡರು, ಪಂದ್ಯ ಮುಗಿಯುವವರೆಗೆ ಬಿಡಲಿಲ್ಲ. ನಾನು ಲಿಂಬೆ ಮೂಸಲು ಕೊಟ್ಟೆ. "ತಾಯೀ, ಹೊಟ್ಟೆಯಾಗಿದ್ದು ಬಾಯಿಗೆ ಬಂದೈತೆ, ಆದ್ರೂ ಕಣ್ಣು ಮುಚ್ಚಾಕೆ ಮನಸ್ಸಾಗವಲ್ದು. ನೆಲ ಅಲ್ಲಾಡೋ ಕಡೆ ಹಿಂಗೆ ಆಡ್ಸೋಳು, ನಿಂತ ನೆಲದಾಗೆ ಏನು ಮಾಡ್ಬೌದು?" ಎಂದರು. ಅಂದೇ ಅವಳನ್ನು ಕರೆದರು. ಮುಂದಿನ ವರ್ಷ ಬರಲೇ ಎಂದು ಇವಳು ಕೇಳಿದ್ದಕ್ಕೆ, "ಮುಂದಿನ ವರ್ಷ ಅಷ್ಟೊತ್ಗೆ ಬ್ಯಾರೇರು ಸಿಕ್ಕಿರ್ತಾರಮ್ಮ. ನಾನು ಸುಳ್ಳು ಹೇಳಾಕಿಲ್ಲ," ಎಂದರು.

ಮಗಳ ಮುಖ ಆವತ್ತು ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಸಣ್ಣವಳಿದ್ದಾಗ ಮೊದಲ ಸಲ ಈಜಿ ತೋರಿಸಿದ ದಿನ ಹಾಗೆ ಇತ್ತು. ಅವಳು ಹೋಗಲಿ ಎಂದು ದೈವಕ್ಕೆ ಸೀಯಾಳ ಹೇಳಿಕೊಂಡೆ. ದಾರಿಯಲ್ಲಿ ಬರುವಾಗ ಹೆದರಿಕೆಯಾಗಿ, ಬೇಡ ಎಂದು ಇಗರ್ಜಿಗೆ ಮೇಣದಬತ್ತಿ ಹೇಳಿಕೊಂಡೆ. ಈಗ ಎರಡನ್ನೂ ಕೊಟ್ಟಿದ್ದೇನೆ, ಯಾರಿಗೂ ಬೇಜಾರಾಗುವುದು ಬೇಡ.

ಆದರೆ ಅವಳು ಮನಸ್ಸು ಮಾಡಿದರೆ ಸಾಲದು. ನಮ್ಮ ತೇಲುಕೇರಿಯಲ್ಲಿ ಒಂದು ಮನೆ ಹಗ್ಗ ಬಿಚ್ಚಿಕೊಂಡು ಹೋದರೆ ಉಳಿದ ಮನೆಗಳೆಲ್ಲ ಒಂದು ಪಕ್ಕಕ್ಕೆ ವಾಲುತ್ತವೆ. ಆದ್ದರಿಂದ ಹಗ್ಗ ಹಿಡಿದವರೆಲ್ಲರೂ ಒಪ್ಪದೆ ಯಾರೂ ಬಿಚ್ಚಬಾರದು ಎಂದು ಹಿಂದಿನಿಂದ ಬಂದ ಕಟ್ಟು. ಮೈದಾನದಲ್ಲಿ ಅದಕ್ಕೆ ಬಿಡುಗಡೆ ಒದೆ ಎನ್ನುತ್ತೇವೆ. ಮಳೆಗಾಲಕ್ಕೆ ಮೊದಲು ಯಕ್ಷಗಾನದ ಆಟ, ದೈವದ ಕೋಲಗಳೆಲ್ಲ ನಿಲ್ಲುವ ಪತ್ತನಾಜೆಯ ದಿನ ನಮ್ಮ ಚೆಂಡಾಟವೂ ನಿಲ್ಲುತ್ತದೆ. ಅಂದು ಹೊರಡುವ ಕೋಚ್ ಗೋಲಿನಲ್ಲಿ ನಿಲ್ಲಬೇಕು, ತಂಡದ ಪ್ರತಿಯೊಬ್ಬಳೂ ಒಂದು ಒದೆ ಒದೆಯಬೇಕು. ಗೋಲಾದರೂ ಆಯಿತು, ಆಗದಿದ್ದರೂ ಆಯಿತು, ಒದೆದರೆ ಒಪ್ಪಿದ ಹಾಗೆ. ಒಬ್ಬಳು ಒದೆಯದಿದ್ದರೂ ಕೋಚ್ ಮುಂದಿನ ಪತ್ತನಾಜೆಯವರೆಗೆ ಕದಲುವಂತಿಲ್ಲ. ಅಷ್ಟು ಹೊತ್ತಿಗೆ ದುರ್ಗದ ಬಾಗಿಲು ಮುಚ್ಚಿರುತ್ತಿತ್ತು.

ಆ ದಿನ ಕೇರಿಯೇ ಬಂದಿತ್ತು. ಬ್ಯಾಂಡು, ಚೆಂಡೆ, ಕಡ್ಲೆ ಮಾರುವವರು. ಪಾಲಯ್ಯನವರು ದೋಣಿಯಿಂದ ಇಳಿಯದೆ ಅಲ್ಲೇ ಲಿಂಬೆ ಹಿಡಿದು ಕುಳಿತಿದ್ದರು. ಹುಡುಗಿಯರು ಒಬ್ಬೊಬ್ಬರಾಗಿ ಒದೆದರು, ಅಳುತ್ತಾ ಒದೆದವರೂ ಇದ್ದರು, ನಗುತ್ತಾ ಜಲಜನ ಮೂಗಿಗೇ ಗುರಿಯಿಟ್ಟವರೂ ಇದ್ದರು. ಕೊನೆಗೆ ಉಳಿದವಳು ಮಿಸ್ರಿಯಾ. ತಂಡದ ನಾಯಕಿ, ಗೋಲ್‌ಕೀಪರು, ಕೈ ಚಾಚಿದರೆ ಬಾಗಿಲ ಎರಡೂ ಪಕ್ಕ ಮುಟ್ಟುವಷ್ಟು ಉದ್ದ. ಅವಳು ಚೆಂಡನ್ನು ಮುಟ್ಟಲಿಲ್ಲ.

"ನಾನು ಒದಿಲಿಕ್ಕಿಲ್ಲ," ಎಂದಳು. "ಗೋಲು ಕಾಯುವವಳು ಯಾಕೆ ಒದಿಬೇಕು? ನಂಗೆ ಹಿಡಿಲಿಕ್ಕೆ ಕಲಿಸಿದ್ದು ನೀವು. ನೀವೇ ಒದಿರಿ ಕೋಚಕ್ಕ, ನಾನು ಹಿಡಿತೇನೆ. ಹಿಡಿದ್ರೆ ಇಲ್ಲೇ ಇರ್ಬೇಕು, ಗೋಲಾದ್ರೆ ಹೋಗ್ಬಹುದು."

ಬ್ಯಾಂಡು ನಿಂತಿತು. ಸೀಟಿ ಹಿಡಿದಿದ್ದ ಲೆಕ್ಕದ ಡೆನ್ಜಿಲ್ ಮಾಸ್ಟ್ರು, ಕಟ್ಟಿನಲ್ಲಿ ಹಾಗೆ ಇಲ್ಲವಲ್ಲ ಎಂದು ಗೊಣಗಿದರು. ಜಲಜ ಗೋಲಿನಿಂದ ಹೊರಗೆ ಬಂದಳು.

"ಆಯ್ತು. ಆಮೇಲೆ ಕಣ್ಣಿಗೆ ಬಿಸಿಲು ಬಿತ್ತು ಅಂತ ಹೇಳ್ಲಿಕ್ಕಿಲ್ಲ."

"ನೀವು ಕಾಲು ಜಾರಿತು ಅಂತ ಹೇಳ್ಲಿಕ್ಕಿಲ್ಲ."

ಆ ಹುಡುಗಿಯ ಕೈಯಿಂದ ಚೆಂಡು ತಪ್ಪುವುದನ್ನು ನಾನು ಆ ವರ್ಷವಿಡೀ ನೋಡಿದ್ದು ಕಡಿಮೆ. ಬಲೆಯ ಹಿಂದೆ ನಿಂತು ಸೆರಗು ಕಚ್ಚಿಕೊಂಡೆ. ಜಲಜ ಬರಿಗಾಲಲ್ಲಿ ನಿಂತಳು, ಕಣ್ಣು ಮುಚ್ಚಿದಳು, ಅಂಗಾಲಿನಲ್ಲಿ ನೆಲವನ್ನು ಕೇಳಿದಳು. ಆಮೇಲೆ ಬಡಗಿನ ಮೂಲೆಗೆ ಒದೆದಳು. ಮಿಸ್ರಿಯಾ ಬಡಗಿಗೇ ಹಾರಿದಳು. ಕಲಿಸಿದವಳು ಇವಳೇ ಅಲ್ಲವೇ, ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಂಗೈಗೆ ಹೊಡೆದ ಸದ್ದು ನನಗೂ ಕೇಳಿಸಿತು. ಚೆಂಡು ಕೆಳಗೆ ಬಿದ್ದು, ಗೋಲಿನ ಗೆರೆಯ ಮೇಲೆ ಬಂದು ನಿಂತಿತು.

ನಮ್ಮ ಮೈದಾನದಲ್ಲಿ ಚೆಂಡು ನಿಂತರೆ ಆಟ ಮುಗಿಯುವುದಿಲ್ಲ. ಯಾರಾದರೂ ಕೈಯಲ್ಲಿ ಎತ್ತುವವರೆಗೆ ಅದು ಜೀವಂತ. ಡೆನ್ಜಿಲ್ ಮಾಸ್ಟ್ರು ಸೀಟಿಯನ್ನು ತುಟಿಗೆ ಇಟ್ಟು ಕಾದರು. ಮಿಸ್ರಿಯಾ ಬಿದ್ದಲ್ಲೇ ಇದ್ದಳು, ಚೆಂಡು ಅವಳಿಂದ ಒಂದು ಮೊಳ ದೂರ, ಕೈ ಚಾಚಿದರೆ ಸಾಕು. ಅವಳು ಎದ್ದು ಕುಳಿತಳು. ತಲೆಬಟ್ಟೆ ಜಾರಿತ್ತು. ಅದನ್ನು ಬಿಚ್ಚಿ ಕೊಡವಿದಳು, ಮತ್ತೆ ಸುತ್ತಿದಳು, ಪಿನ್ನು ಹುಡುಕಿದಳು, ಚುಚ್ಚಿದಳು. ಅಷ್ಟರಲ್ಲಿ ಭರತ ತಿರುಗಿ ಮೈದಾನ ಹಿಂದಕ್ಕೆ ವಾಲಿತು, ಚೆಂಡು ಮೆಲ್ಲಗೆ ಉರುಳಿ ಒಳಗೆ ಹೋಗಿ ನನ್ನ ಬಲೆಗೆ ತಾಗಿ ಕುಳಿತಿತು.

"ಅದು ನಿಮ್ಮ ಗೋಲಲ್ಲ ಕೋಚಕ್ಕ," ಎಂದಳು ಮಿಸ್ರಿಯಾ, ಎದ್ದು ಮಂಡಿ ಒರೆಸಿಕೊಳ್ಳುತ್ತಾ. "ಸಮುದ್ರ ಹಾಕಿದ್ದು."

"ಸಮುದ್ರ ಯಾವ ಟೀಮಿದು ಮಾರಾಯ್ತಿ?"

"ನಮ್ಮದೇ."

ಆಮೇಲೆ ಆದ ಗಲಾಟೆಗೆ ಮೈದಾನ ಹೇಗೆ ಕುಣಿಯಿತು ಎಂದರೆ, ದೋಣಿಯಲ್ಲಿದ್ದ ಪಾಲಯ್ಯನವರು ಇನ್ನೊಂದು ಲಿಂಬೆ ಕೇಳಿದರು. ಹುಡುಗಿಯರು ಜಲಜನನ್ನು ಎತ್ತಿ ನೀರಿಗೆ ಹಾಕಿದರು, ಮೇಲೆ ತಂದರು, ಮತ್ತೆ ಹಾಕಿದರು. ನಾನು ಟವೆಲ್ ಹಿಡಿದು ಸುತ್ತಮುತ್ತ ಓಡಿದೆ. ಮೋನಪ್ಪನವರು ಚೆಂಡೆಯವನ ಕೈಯಿಂದ ಕೋಲು ಕಸಿದು ತಾವೇ ಬಾರಿಸಿದರು, ತಾಳ ಒಂದೂ ಸರಿ ಇರಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಒದ್ದೆ ಬಟ್ಟೆಯಲ್ಲೇ ಅವಳು ದೋಣಿ ಹತ್ತಿದಳು. ಕೊನೆಗೆ ಹಗ್ಗ ಬಿಚ್ಚಿದವಳು ಮಿಸ್ರಿಯಾ. ಬಿಚ್ಚಿದ ಮೇಲೂ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

ದುರ್ಗದಿಂದ ಒಳ್ಳೆಯ ಸುದ್ದಿಯೇ ಬಂದಿದೆ. ಅಲ್ಲಿಯವರಿಗೆ ಪತ್ತನಾಜೆ ಇಲ್ಲವಲ್ಲ, ಹೋದ ಮಾರನೆಯ ದಿನವೇ ಆಟ, ಗೆದ್ದರಂತೆ. ಅಲ್ಲಿಯೂ ಬೂಟು ಬಿಚ್ಚಿ ನಿಂತು ಅಂಗಾಲು ಸುಟ್ಟುಕೊಂಡಳಂತೆ. "ಅಮ್ಮ, ಇಲ್ಲಿ ನೆಲ ಸುಮ್ಮನೆ ಇರ್ತದೆ, ಹುಡುಗಿಯರು ವಾಲ್ತಾರೆ. ಸುಸ್ತಾದ ಕಡೆಗೆ, ಹೆದರಿದ ಕಡೆಗೆ. ನಾನು ಅದನ್ನು ನೋಡಿ ಕೂಗ್ತೇನೆ," ಎಂದು ಹೇಳಿ ಕಳಿಸಿದ್ದಾಳೆ. ಸ್ವರ ಚೆನ್ನಾಗಿದೆಯಂತೆ. ಇಲ್ಲಿ ಮಿಸ್ರಿಯಾ ಹೊಸ ಮಕ್ಕಳಿಗೆ ಹಿಡಿಯುವುದನ್ನು ಕಲಿಸುತ್ತಿದ್ದಾಳೆ, ದಿನಾ ಸಂಜೆ ನಮ್ಮಲ್ಲಿ ಗಂಜಿ ಕುಡಿಯಲು ಬರುತ್ತಾಳೆ, ದುರ್ಗದ ಸುದ್ದಿ ಏನು ಎಂದು ಕೇಳುವುದಿಲ್ಲ, ನಾನು ಹೇಳುವವರೆಗೆ ಏಳುವುದೂ ಇಲ್ಲ.

ಎಲ್ಲರೂ ಖುಷಿಯಲ್ಲಿದ್ದಾರೆ, ನಾನೂ ಇದ್ದೇನೆ. ಒಂದೇ ಒಂದು ವಿಷಯ. ಮೊನ್ನೆ ಡೆನ್ಜಿಲ್ ಮಾಸ್ಟ್ರು ಮಾತಿನ ಮಧ್ಯೆ, ನಿಮ್ಮ ಕಾಲದಲ್ಲಿ ಇಂಥ ಒಂಟಿ ಒದೆಯಲ್ಲಿ ಚೆಂಡು ಒಮ್ಮೆ ನಿಂತರೆ ಅಲ್ಲಿಗೆ ಒದೆ ಮುಗಿದ ಲೆಕ್ಕ ಎಂದು ಇತ್ತು ಎಂದುಬಿಟ್ಟರು. ಹಾಗಾದರೆ ಅದು ಗೋಲಲ್ಲ, ನನ್ನ ಮಗಳು ಒಪ್ಪಿಗೆ ಇಲ್ಲದೆ ಹೋದ ಹಾಗಾಯಿತು. ಅಂದಿನಿಂದ ನನಗೆ ಈ ಕನಸು. ಈ ಆಟ ನಿಮ್ಮಿಂದ ಬಂದದ್ದು, ನಿಮಗೆ ಸರಿಯಾಗಿ ಗೊತ್ತಿರುತ್ತದೆ. ಬಲೆಯ ಹಿಂದೆ ಎಲ್ಲರಿಗಿಂತ ಹತ್ತಿರ ಇದ್ದವಳು ನಾನು. ಗೆರೆಯ ಮೇಲೆ ಇದ್ದಾಗಲೂ ಆ ಚೆಂಡು ಸ್ವಲ್ಪ ಅಲುಗುತ್ತಿತ್ತು, ದೀಪದ ಕುಡಿ ಅಲುಗುವಷ್ಟು. ನೀವು ಉತ್ತರ ಬರೆದರೂ ನನಗೆ ಮುಟ್ಟುವುದಿಲ್ಲ ಎಂದು ಗೊತ್ತುಂಟು. ಆದರೂ ನಿಮ್ಮ ನಿಯಮವನ್ನು ತೆಗೆದು ಇನ್ನೊಮ್ಮೆ ನೋಡಿ, ಚೆಂಡು ನಿಂತದ್ದು ಎಂದರೆ ಎಷ್ಟು ನಿಂತದ್ದು ಎಂದು ಬರೆದಿದೆಯೇ?